ಟ್ರೆಡ್‌ಮಿಲ್ ಇಲ್ಲದೆ ನಡೆಸಿದ್ದು: ನನ್ನ ಅನುಭವ

"ಮರಳು ಚೀಲ ನೇತುಹಾಕಿ ಬೆನ್ನುಹುರಿ ಪೇಷಂಟನ್ನು ನಡೆಸ್ತೀಯಾ?" ಎಂದು ನಕ್ಕವರು ಕಡಿಮೆ ಏನಿಲ್ಲ. ಬೆನ್ನುಹುರಿಗೆ ಪೆಟ್ಟಾದವರ ಮೈಭಾರವನ್ನು ಮೇಲಿಂದ ಸ್ವಲ್ಪ ಎತ್ತಿ ಹಿಡಿದು ನೆಲದ ಮೇಲೆ ನಡೆಸಲು ನಾನು ಹಳಿ, ಹಗ್ಗದ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ. ಈಗ ಅವರಲ್ಲೇ ಇಬ್ಬರು ಅದರ ಅಳತೆ ಕೇಳುತ್ತಿದ್ದಾರೆ. ಹಾಗಾಗಿ ಒಂದೇ ಸಲ ಬರೆದುಬಿಡೋಣ ಅಂತ.

ಶಿರಸಿ ಕಡೆ ಫಿಸಿಯೋಥೆರಪಿ ಮಾಡುವವರಿಗೆ ಗೊತ್ತು, ನಮ್ಮಲ್ಲಿಗೆ ಬರುವವರಲ್ಲಿ ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವರು, ಜಾಸ್ತಿ. ಅಡಿಕೆ ಮರದಿಂದ ಬಿದ್ದು ನಡುಬೆನ್ನಿನ ಕೆಳಗಿನ ಡಿ12, ಎಲ್1 ಮೂಳೆ ಮುರಿದುಕೊಂಡಿರುತ್ತಾರೆ. ಬೆನ್ನುಹುರಿ ಪೆಟ್ಟನ್ನು ಎ (ಪೂರ್ತಿ ಹೋದದ್ದು) ಯಿಂದ ಇ (ಸರಿ ಇರುವುದು) ವರೆಗೆ ಅಳೆಯುವ ಏಶಿಯಾ ಸ್ಕೇಲಿನಲ್ಲಿ ಸಿ, ಡಿ, ಅಂದರೆ ಕಾಲಲ್ಲಿ ಸ್ವಲ್ಪ ಶಕ್ತಿ ಉಳಿದವರನ್ನು ಎಷ್ಟು ದಿನ ಅಂತ ಪ್ಯಾರಲಲ್ ಬಾರ್ (ಎರಡು ಕೈಯಲ್ಲೂ ಹಿಡಿದು ನಡೆಯುವ ಜೋಡಿ ಕಂಬಿ) ಒಳಗೇ ಓಡಾಡಿಸೋದು? ಭಾರವನ್ನೆಲ್ಲ ಕೈ ಮೇಲೆ ಹಾಕುತ್ತಾರೆ. ಕಾಲು ಕಲಿಯುವುದೇ ಇಲ್ಲ.

ಮೇಲಿಂದ ಎತ್ತಿ ಹಿಡಿಯುವ ಕಂಪನಿ ಮೆಷಿನ್‌ಗೆ ಡೀಲರ್ ಹೇಳಿದ ರೇಟು 14 ಲಕ್ಷದ ಹತ್ತಿರ. ನಮಸ್ಕಾರ ಹೇಳಿ ಫೋನ್ ಇಟ್ಟೆ. ಮನೆಬಳಕೆಯ ಹಳೇ ಟ್ರೆಡ್‌ಮಿಲ್ ಒಂದನ್ನು 18 ಸಾವಿರಕ್ಕೆ ತಂದೆ. ಅದರ ಅತಿ ಕಡಿಮೆ ವೇಗ ಗಂಟೆಗೆ 1 ಕಿಲೋಮೀಟರ್. ನಮ್ಮವರಿಗೆ ಅದೇ ಓಟ! ಈಗ ಅದು ತಮ್ಮನ ಹೊಟ್ಟೆ ಕರಗಿಸಲು ಮನೆಯಲ್ಲಿದೆ.

ಟ್ರೆಡ್‌ಮಿಲ್ ಇಲ್ಲದಿದ್ರೆ ಅದು ಟ್ರೇನಿಂಗೇ ಅಲ್ಲ ಅಂದರು ಸೀನಿಯರ್ ಒಬ್ಬರು. ಆದರೆ ಅಮೆರಿಕದ ನರರೋಗ ತಜ್ಞ ಡಾಬ್ಕಿನ್ ತಂಡ 2006ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಪೆಟ್ಟಾಗಿ ಎಂಟು ವಾರದೊಳಗಿನ 146 ಜನರಲ್ಲಿ ಕೆಲವರಿಗೆ ಭಾರ ಎತ್ತಿ ಹಿಡಿದು ಟ್ರೆಡ್‌ಮಿಲ್, ಉಳಿದವರಿಗೆ ನೆಲದ ಮೇಲೆ ನಡಿಗೆ. ಹನ್ನೆರಡು ವಾರ ಮಾಡಿಸಿದ ಮೇಲೂ ಎರಡು ಗುಂಪಿನ ವೇಗದಲ್ಲಿ ವ್ಯತ್ಯಾಸ ಸಿಗಲಿಲ್ಲ. ಹಾಗಿದ್ದ ಮೇಲೆ ನೆಲ ಏನು ತಪ್ಪು ಮಾಡಿದೆ? ಬೀಳುವ ಭಯ ಒಂದು ಹೋದರೆ ಸಾಕಿತ್ತು.

ಮೇಲಿನ ಹಳಿಗೆ ಅಂತ ಮೊದಲು ಗೇಟಿಗೆ ಹಾಕುವ ಸ್ಲೈಡಿಂಗ್ ಚಾನೆಲ್ ಹಾಕಿಸಿದೆ. ಆರೇಳು ಸಾವಿರ ನೀರಿಗೆ. ಮರಳು ಮೂಟೆ ತೂಗುಹಾಕುತ್ತಲೇ ನಡು ಬಗ್ಗಿ ರೋಲರ್ ಸಿಕ್ಕಿಕೊಂಡಿತು. ಆಮೇಲೆ ನಾಲ್ಕು ಇಂಚಿನ ಐ ಬೀಮ್ (ಐ ಆಕಾರದ ಕಬ್ಬಿಣದ ತೊಲೆ), ಅದರ ಮೇಲೆ ಉರುಳಲು ಚೈನ್ ಬ್ಲಾಕ್‌ಗೆ (ಸರಪಳಿಯಿಂದ ಭಾರ ಎತ್ತುವ ಸಾಧನ) ಬರುವ ಟ್ರಾಲಿ. ಬಾಡಿಗೆ ಕಟ್ಟಡ, ಸೀಲಿಂಗ್ ಕೊರೆಯಲು ಓನರ್ ಬಿಡಲಿಲ್ಲ. ಹಾಗಾಗಿ ನೆಲಕ್ಕೇ ನಿಲ್ಲುವ ಕಂಬಗಳು. ಎಲ್ಲ ಸೇರಿ 70 ಸಾವಿರದ ಆಸುಪಾಸು. ಮನುಷ್ಯರನ್ನು ಕಟ್ಟುವ ಮೊದಲು ಮೂರು ಪಟ್ಟು ಭಾರ ಹಾಕಿ ರಾತ್ರಿಯಿಡೀ ಬಿಟ್ಟಿದ್ದೆ. ಇದನ್ನು ಯಾರೂ ತಪ್ಪಿಸಬೇಡಿ.

ನಿಜವಾದ ತಲೆನೋವು ಹಗ್ಗದ್ದು. ಚೈನ್ ಬ್ಲಾಕ್‌ನಿಂದ ಗಟ್ಟಿಯಾಗಿ ಎತ್ತಿದರೆ ಹೆಜ್ಜೆ ಹೆಜ್ಜೆಗೂ ಜಗ್ಗುತ್ತದೆ. ನಡೆಯುವಾಗ ಸೊಂಟ ನಾಲ್ಕೈದು ಸೆಂಟಿಮೀಟರ್ ಮೇಲೆ ಕೆಳಗೆ ಆಗಲೇಬೇಕಲ್ವಾ? ಹಗ್ಗದ ಒಂದು ತುದಿಯನ್ನು ಬೀಮಿನ ಈ ಕೊನೆಗೆ ಬಿಗಿದೆ. ಅಲ್ಲಿಂದ ಟ್ರಾಲಿಯ ಒಂದು ರಾಟೆ, ಕೆಳಗಿಳಿದು ಹಾರ್ನೆಸ್ (ಪೇಷಂಟಿನ ಮೈಗೆ ಕಟ್ಟುವ ಪಟ್ಟಿಗಳು) ಮೇಲಿನ ರಾಟೆ, ಮತ್ತೆ ಮೇಲೇರಿ ಟ್ರಾಲಿಯ ಎರಡನೇ ರಾಟೆ, ಬೀಮಿನ ಆಚೆ ತುದಿಯಲ್ಲಿರುವ ರಾಟೆ ದಾಟಿ ಮರಳು ಚೀಲ. ಟ್ರಾಲಿ ಎಲ್ಲಿಗೆ ಹೋದರೂ ಚೀಲ ಇದ್ದಲ್ಲೇ ಇರುತ್ತದೆ. 20 ಕಿಲೋ ಎತ್ತಲು 10 ಕಿಲೋ ಮರಳು ಸಾಕು. ಆದರೆ ಮೊಣಕಾಲು ಮಡಚಿಕೊಂಡರೆ ಈ ಚೀಲ ಹಿಡಿಯುವುದಿಲ್ಲ. ಅದಕ್ಕೆ ಟ್ರಾಲಿಯಿಂದ ಹಾರ್ನೆಸ್‌ಗೆ ಬೇರೆಯೇ ಒಂದು ಗಟ್ಟಿ ಹಗ್ಗ, ಸ್ವಲ್ಪ ಸಡಿಲ ಬಿಟ್ಟು. ರಾಟೆಯನ್ನು ಹಾರ್ನೆಸ್‌ನಲ್ಲಿ ಎಲ್ಲಿ ಕೂರಿಸಿದರೆ ಮೈ ಮುಂದಕ್ಕೆ ವಾಲುವುದಿಲ್ಲ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ. ಬಂದರೆ ತೋರಿಸ್ತೇನೆ.

ಕಟ್ಟಡ ಕೆಲಸದವರ ಹಾರ್ನೆಸ್ ಎರಡು ಸಾವಿರಕ್ಕೆ ಸಿಗುತ್ತದೆ. ತೊಡೆಸಂದಿಯಲ್ಲಿ ಅದರ ಪಟ್ಟಿ ಒತ್ತುವುದು ಪೇಷಂಟಿಗೆ ಗೊತ್ತೇ ಆಗುವುದಿಲ್ಲ, ಸ್ಪರ್ಶ ಇಲ್ಲವಲ್ಲ. ಊರಿನ ದರ್ಜಿ ಹತ್ತಿರ ಅಗಲ ಪಟ್ಟಿ, ಒಳಗೆ ಮೆತ್ತೆ ಹೊಲಿಸಿದೆ. ಬಿಚ್ಚಿದ ಮೇಲೆ ಕೆಂಪಗಾದ ಜಾಗ ಅರ್ಧ ಗಂಟೆಯಲ್ಲಿ ಮಾಸದಿದ್ದರೆ ಮರುದಿನ ರಜೆ. ಕಟ್ಟುವ ಮೊದಲು ಕ್ಯಾಥೆಟರ್ (ಮೂತ್ರ ತೆಗೆಯುವ ನಳಿಕೆ) ಹಾಕಿ ಮೂತ್ರ ಖಾಲಿ ಮಾಡಿಸಿ. ಇಲ್ಲದಿದ್ದರೆ ಪಟ್ಟಿ ಬಿಗಿಯುತ್ತಲೇ ಸೋರುತ್ತದೆ, ಪಾಪ, ಅವರು ನಾಚಿಕೆಯಿಂದ ಎರಡು ದಿನ ಬರುವುದಿಲ್ಲ.

ನಡುವೆ ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಪಾದ ಜೋತು ಬೀಳುವವರಿಗೆ ಚಪ್ಪಲಿ ತುದಿಯಿಂದ ಮೊಣಕಾಲ ಕೆಳಗಿನವರೆಗೆ ಸೈಕಲ್ ಟ್ಯೂಬ್ ಪಟ್ಟಿ ಕಟ್ಟಿದೆ. ಹತ್ತು ರೂಪಾಯಿ ಖರ್ಚು, ಚೆನ್ನಾಗಿಯೇ ಎತ್ತುತ್ತದೆ. ಹೆಜ್ಜೆಗೆ ತಾಳ ಕೊಡಲು ಹಾಕಿದ ಮೆಟ್ರೋನೋಮ್ ಟಕ್ ಟಕ್ ಯಾರಿಗೂ ಸೇರಲಿಲ್ಲ. ಮೊಬೈಲಿನಲ್ಲಿ ಯಕ್ಷಗಾನದ ಮದ್ದಳೆ ಹಾಕಿದ್ದೇ ತಡ, ಹೆಜ್ಜೆ ಸರಿಯಾಗಿ ಬಿತ್ತು. ಭಾಗವತರು ತಾಳ ಏರಿಸಿದಾಗ ಮಾತ್ರ ಆಫ್ ಮಾಡಬೇಕು.

ನನಗೆ ಹೆಸರು ತಂದವರು ನಲವತ್ತರ ಹತ್ತಿರದ ಒಬ್ಬ ಕೊನೆಗೌಡರು. ಎಲ್1, ಏಶಿಯಾ ಸಿ. ವಾಕರ್ ಹಿಡಿದು ಹತ್ತು ಮೀಟರ್ ದಾಟಲು ಒಂದೂವರೆ ನಿಮಿಷ ಬೇಕಿತ್ತು. ವಾರಕ್ಕೆ ನಾಲ್ಕು ಸಲ ಬಂದರು. ಎತ್ತಿ ಹಿಡಿಯುವ ಭಾರವನ್ನು 20 ಕಿಲೋದಿಂದ ಶುರು ಮಾಡಿ ಐದಕ್ಕೆ ಇಳಿಸಿದೆವು. ನಾಲ್ಕೈದು ತಿಂಗಳಿಗೆ ಎಲ್ಬೋ ಕ್ರಚಸ್ (ಮುಂಗೈಗೆ ಸಿಕ್ಕಿಸುವ ಊರುಗೋಲು) ಮೇಲೆ ಅಷ್ಟೇ ದೂರವನ್ನು 40 ಸೆಕೆಂಡಿನೊಳಗೆ ದಾಟಿದರು. "ಅದು ತಾನಾಗೇ ಬರ್ತಿತ್ತು" ಅಂದರು ಒಬ್ಬ ಡಾಕ್ಟರು. ಪೆಟ್ಟಾಗಿ ಎರಡು ವರ್ಷ ದಾಟಿತ್ತು ಸ್ವಾಮಿ! ತಾನಾಗೇ ಬರುವುದೆಲ್ಲ ಬಹುಪಾಲು ಮೊದಲ ವರ್ಷದಲ್ಲೇ ಬಂದು ಮುಗಿದಿರುತ್ತದೆ.

ಏಶಿಯಾ ಎ ಇದ್ದ ಇಬ್ಬರನ್ನೂ ಕಟ್ಟಿ ನೋಡಿದೆ. ಕೂರುವ ಬ್ಯಾಲೆನ್ಸ್ ಸುಧಾರಿಸಿತು, ನಡಿಗೆ ಬರಲಿಲ್ಲ. ಅವರ ಮನೆಯವರು ಸ್ವಿಟ್ಜರ್ಲೆಂಡಿನ ಲೊಸಾನ್‌ನ ನರವಿಜ್ಞಾನಿ ಕೂರ್ಟೀನ್ ತಂಡದ ವಿಡಿಯೋ ತೋರಿಸುತ್ತಾರೆ, ಬೆನ್ನುಹುರಿ ಮೇಲೆ ಎಲೆಕ್ಟ್ರೋಡ್ ಇಟ್ಟು ನಡೆಸುವುದು. ಅದು ನನ್ನ ಕೈಯಲ್ಲಾಗುವ ಕೆಲಸ ಅಲ್ಲ. ಆದರೆ ಆ ವಿಡಿಯೋಗಳಲ್ಲೂ ಪೇಷಂಟ್ ತಲೆ ಮೇಲೆ ಹಗ್ಗ ಇರುತ್ತದೆ, ಗಮನಿಸಿ.

ಸದ್ಯ ಹಳಿ ಏಳು ಮೀಟರ್, ನೇರ. ಕೊನೆಯಲ್ಲಿ ತಿರುಗುವುದೇ ಕಷ್ಟ, ಪ್ರತಿ ಸಲ ನಾನೇ ಹಿಡಿದು ತಿರುಗಿಸಬೇಕು. ಬೀಮ್ ಬಗ್ಗಿಸಿ ಕೊಡಲು ವೆಲ್ಡಿಂಗ್‌ನವನು 25 ಸಾವಿರ ಕೇಳುತ್ತಿದ್ದಾನೆ. ಹದಿನೆಂಟಕ್ಕೆ ಇಳಿದರೆ ಮಳೆಗಾಲಕ್ಕೆ ಮೊದಲು ಮಾಡಿಸುತ್ತೇನೆ.