ಟೋಕಿಯೋದ ಹಳೆಪೇಟೆಯಲ್ಲಿ ಉಳಿಯುವವರಿಗೆ

ಶಿತಾಮಾಚಿ ಅಂದರೆ ತಗ್ಗಿನ ಪೇಟೆ. ಹಿಂದೆ ಸಮುರಾಯಿಗಳ ಮನೆಗಳೆಲ್ಲ ದಿಣ್ಣೆಯ ಮೇಲೆ. ಬಡಗಿಗಳು, ಕೂಲಿಯವರು, ಸಣ್ಣ ಅಂಗಡಿಯವರು ಹೊಳೆಬದಿಯ ತಗ್ಗಿನಲ್ಲಿ. ಇಂಥ ಕೇರಿಗಳಲ್ಲಿ ಉಳಿಯುವವರಿಗೆ ಕಳ್ಳಕಾಕರ ಹೆದರಿಕೆ ಕಡಿಮೆ. ಎಡವಟ್ಟಾಗುವುದು ಚಪ್ಪಲಿ, ಸ್ನಾನ, ಸದ್ದು, ಕಸ ಈ ನಾಲ್ಕರಲ್ಲಿ.

ಮೊದಲು ವೀಸಾ. ಕಾಸರಗೋಡಿನವರಿಗೆ ಆಸ್ಪತ್ರೆ, ವಿಮಾನ ಎಲ್ಲದಕ್ಕೂ ಮಂಗಳೂರೇ ಹತ್ತಿರ. ಆ ರೂಢಿಯಲ್ಲಿ ಕರ್ನಾಟಕದವರ ಹಾಗೆ ವೀಸಾಕ್ಕೂ ಬೆಂಗಳೂರು ಎಂದುಕೊಳ್ಳಬೇಡಿ. ಕೇರಳದಲ್ಲಿ ವಾಸವಾಗಿರುವವರು ಜಪಾನಿನ ಚೆನ್ನೈ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತಾರೆ. ಅರ್ಜಿಯ ಜೊತೆ ಯಾವ ದಿನ ಎಲ್ಲಿ ಉಳಿಯುತ್ತೀರಿ ಎಂಬ ಪಟ್ಟಿ ಕೊಡಬೇಕು. ಆದ್ದರಿಂದ ರದ್ದು ಮಾಡಿದರೆ ಹಣ ವಾಪಸು ಬರುವ ಕೋಣೆಯನ್ನೇ ಕಾದಿರಿಸಿ.

ಎಲ್ಲಿ ಉಳಿಯುವುದು? ಅಸಾಕುಸಕ್ಕೆ ನರಿತಾ ವಿಮಾನ ನಿಲ್ದಾಣದಿಂದ ಕೇಸೇ ಕಂಪನಿಯ ಆಕ್ಸೆಸ್ ಎಕ್ಸ್‌ಪ್ರೆಸ್ ನೇರ ಹೋಗುತ್ತದೆ, ಸುಮಾರು ಒಂದು ಗಂಟೆ. ಅಲ್ಲಿನ ಸೆನ್ಸೋಜಿ ದೇವಸ್ಥಾನದ ಸುತ್ತ ಹಗಲೆಲ್ಲ ಜಾತ್ರೆಯ ನೂಕುನುಗ್ಗಲು. ಮೇ ತಿಂಗಳ ಮೂರನೇ ವಾರಾಂತ್ಯ ಸಾಂಜಾ ಉತ್ಸವ. ಆಗ ಕೋಣೆ ಸಿಗುವುದು ಕಷ್ಟ. ಯಾನಾಕ 1923ರ ಭೂಕಂಪದ ಬೆಂಕಿಯಿಂದಲೂ 1945ರ ಬಾಂಬಿನಿಂದಲೂ ಬಹುಮಟ್ಟಿಗೆ ಪಾರಾದ ಕೇರಿ. ಮರದ ಮನೆ, ಕಿರಿದಾದ ಓಣಿ ನೋಡಬೇಕಿದ್ದರೆ ಅಲ್ಲಿಗೇ ಹೋಗಿ. ನಿಪ್ಪೋರಿ ನಿಲ್ದಾಣದ ಪಶ್ಚಿಮ ಬಾಗಿಲಿನಿಂದ ನಡೆದೇ ಹೋಗಬಹುದು.

ಕೈಯಲ್ಲಿ ಹಣ ಕಡಿಮೆ ಇದ್ದರೆ ಮಿನಾಮಿ-ಸೆಂಜು. ನಿಪ್ಪೋರಿಯಲ್ಲಿ ಇಳಿದು ಜೋಬಾನ್ ಲೈನ್ ಹತ್ತಿದರೆ ಎರಡನೇ ನಿಲ್ದಾಣ. ಇದರ ದಕ್ಷಿಣಕ್ಕೆ ದಿನಗೂಲಿಯವರ ಸಾನ್ಯಾ ಕೇರಿ. ಆ ಹೆಸರನ್ನು 1966ರಲ್ಲಿ ವಿಳಾಸಗಳಿಂದ ತೆಗೆದಿದ್ದಾರೆ, ಭೂಪಟದಲ್ಲಿ ಸಿಗದು. ಕಿಯೋಕಾವಾ, ನಿಹೋನ್‌ಝುತ್ಸುಮಿ ಎಂದು ಹುಡುಕಿ. ಗುರುತಿಗೆ ಹೇಳುವ ನಾಮಿದಾಬಾಶಿ, ಅಂದರೆ ಕಣ್ಣೀರ ಸೇತುವೆ, ಈಗ ಬರೀ ನಾಲ್ಕು ರಸ್ತೆ ಕೂಡುವ ಜಾಗ. ತೋಡನ್ನು ಮುಚ್ಚಿ ಎಷ್ಟೋ ಕಾಲವಾಯಿತು. ಕೂಲಿಯವರು ಮಲಗುತ್ತಿದ್ದ ಅಗ್ಗದ ವಸತಿಗಳಲ್ಲಿ ಹಲವು ಈಗ ಪ್ರವಾಸಿಗರ ಹೋಟೆಲುಗಳು. ಬೀದಿಬದಿ ಕೂತು ಕುಡಿಯುವ ಮುದುಕರು ಕಂಡಾರು, ಅವರ ಪಾಡಿಗೆ ಅವರಿರುತ್ತಾರೆ. ಫೋಟೋ ಮಾತ್ರ ತೆಗೆಯಲೇಬೇಡಿ.

ಇಲ್ಲಿನ ಅಗ್ಗದ ಕೋಣೆ ಮೂರು ತತಾಮಿಯದ್ದು. ತತಾಮಿ ಅಂದರೆ ನೆಲಕ್ಕೆ ಹಾಸಿದ ದಪ್ಪ ಹುಲ್ಲಿನ ಹಾಸು. ಒಂದು ತತಾಮಿ ಹೆಚ್ಚುಕಡಿಮೆ 90 ಸೆಂ.ಮೀ. ಅಗಲ, 180 ಸೆಂ.ಮೀ. ಉದ್ದ, ನಮ್ಮ ಒಬ್ಬರು ಮಲಗುವ ಚಾಪೆಯಷ್ಟು. ಮೂರು ಚಾಪೆ ಹಾಸಿ, ನಿಮ್ಮ ಪೆಟ್ಟಿಗೆ ಅದರ ಮೇಲಿಟ್ಟು ನೋಡಿ. ಉಳಿದದ್ದೇ ನಿಮ್ಮ ಕೋಣೆ. ಇಬ್ಬರಿಗೆ ಒಂದು ದೊಡ್ಡ ಪೆಟ್ಟಿಗೆ ಸಾಕು. ಅದರ ಚಕ್ರವನ್ನು ತತಾಮಿಯ ಮೇಲೆ ಉರುಳಿಸಬಾರದು, ಹುಲ್ಲಿನ ಹೆಣಿಗೆ ಹರಿಯುತ್ತದೆ. ಶೂ ಕಳಚುವುದು ಬಾಗಿಲ ಒಳಗಿನ ತಗ್ಗಿನಲ್ಲಿ, ನಾವು ಚಾವಡಿಗೆ ಹತ್ತುವ ಮುಂಚೆ ಬಿಡುವ ಹಾಗೆ. ಮೊಗಸಾಲೆಯಲ್ಲಿ ಅವರು ಕೊಟ್ಟ ಚಪ್ಪಲಿ, ತತಾಮಿಯ ಮೇಲೆ ಅದೂ ಇಲ್ಲ. ಶೌಚಾಲಯಕ್ಕೆ ಬೇರೆಯೇ ಚಪ್ಪಲಿ ಇರುತ್ತದೆ. ಅದನ್ನೇ ಮೆಟ್ಟಿಕೊಂಡು ಕೋಣೆಗೆ ಬರುವುದು ಹೊಸಬರೆಲ್ಲ ಮಾಡುವ ತಪ್ಪು. ಬೆಳಗ್ಗೆ ಹಾಸಿಗೆ ಮಡಚಿಡಿ. ಮೈಬೆವರಿನ ತೇವ ಅಡಿಯಲ್ಲಿ ನಿಂತರೆ ತತಾಮಿಗೆ ಬೂಷ್ಟು ಹಿಡಿಯುತ್ತದೆ. ಆಟಿಯ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆ ತೆಳ್ಳಗೆ. ರಾತ್ರಿ ಹತ್ತರ ಮೇಲೆ ಊರಿಗೆ ಫೋನ್ ಮಾಡುವುದಾದರೆ ಹೊರಗೆ ಹೋಗಿ.

ಕೋಣೆಯಲ್ಲಿ ಬಚ್ಚಲು ಇಲ್ಲದಿದ್ದರೆ ಸೆಂತೋ, ಅಂದರೆ ಊರ ಸ್ನಾನದ ಮನೆ. ಟೋಕಿಯೋದಲ್ಲಿ 2024ರ ಆಗಸ್ಟಿನಿಂದ ದೊಡ್ಡವರಿಗೆ 550 ಯೆನ್. ಸಾಬೂನು, ಸಣ್ಣ ಟವೆಲು ನಿಮ್ಮದೇ ಒಯ್ಯಿರಿ. ಪರದೆಯ ಬಣ್ಣ ನಂಬುವುದಕ್ಕಿಂತ ಅಕ್ಷರ ನೋಡಿ: ಮೇಲೆ ನಾಲ್ಕು ಚೌಕದ ಕಿಟಕಿಯಂತೆ ಇದ್ದರೆ ಗಂಡಸರದ್ದು, ಕಾಲು ಅಡ್ಡಹಾಕಿ ಕೂತ ಹಾಗೆ ಗೆರೆಗಳಿದ್ದರೆ ಹೆಂಗಸರದ್ದು. ಒಳಗೆ ಮೈಮೇಲೆ ಒಂದು ನೂಲೂ ಇರಬಾರದು. ಕೆರೆಗೆ ಇಳಿಯುವಾಗ ಬೈರಾಸು ಸುತ್ತಿಕೊಳ್ಳುವ ನಮಗೆ ಇದೇ ಕಷ್ಟದ ಹೆಜ್ಜೆ, ಆದರೆ ಅಲ್ಲಿ ಬಟ್ಟೆ ಸಮೇತ ತೊಟ್ಟಿಗೆ ಇಳಿದರೆ ನೀರು ಕೆಡಿಸಿದ ಹಾಗೆ. ನಲ್ಲಿಯ ಮುಂದೆ ಸಣ್ಣ ಮಣೆಯ ಮೇಲೆ ಕೂತು ಸಾಬೂನು ಹಚ್ಚಿ, ನೊರೆ ಒಂದಿಷ್ಟೂ ಉಳಿಯದ ಹಾಗೆ ತೊಳೆದುಕೊಳ್ಳಿ. ನಿಂತು ಸುರಿದುಕೊಂಡರೆ ಪಕ್ಕದವರಿಗೆ ಸಿಡಿಯುತ್ತದೆ. ಆಮೇಲೆ ತೊಟ್ಟಿ. ನೀರು 42 ಡಿಗ್ರಿ, ಕೆಲವೆಡೆ ಇನ್ನೂ ಹೆಚ್ಚು. ಕಾಲಿಗೆ ಎರಡು ಚೊಂಬು ಹೊಯ್ದುಕೊಂಡು ಇಳಿದು, ಮೊದಲ ದಿನ ಮೂರು ನಾಲ್ಕು ನಿಮಿಷಕ್ಕೇ ಎದ್ದುಬಿಡಿ. ತಟ್ಟನೆ ಎದ್ದರೆ ತಲೆ ತಿರುಗುತ್ತದೆ. ಟವೆಲನ್ನು ನೀರಿಗೆ ಅದ್ದಬೇಡಿ, ತಲೆಯ ಮೇಲಿಟ್ಟುಕೊಳ್ಳಿ. ಬಟ್ಟೆಯ ಕೋಣೆಗೆ ಬರುವ ಮುಂಚೆ ಅದನ್ನೇ ಹಿಂಡಿ ಮೈ ಒರಸಿಕೊಳ್ಳಿ.

ಮೀನು ತಿನ್ನುವವರಿಗೆ ಊಟದ ಚಿಂತೆಯಿಲ್ಲ. ಉಪ್ಪು ಹಚ್ಚಿ ಸುಟ್ಟ ಸಾಬಾ ನಮ್ಮ ಬಂಗುಡೆಯ ನೆಂಟ. ಸಸ್ಯಾಹಾರಿಗಳಿಗೆ ತೊಡಕಿದೆ. ಮಿಸೊ ಸಾರು, ನೂಡಲ್ಸಿನ ತಿಳಿ, ಬೇಯಿಸಿದ ಸೊಪ್ಪು ಇವಕ್ಕೆಲ್ಲ ಸಾಮಾನ್ಯವಾಗಿ ದಾಶಿ ಎಂಬ ಒಣಮೀನಿನ ರಸ ಹಾಕಿರುತ್ತಾರೆ. ‘ನಿಕು’, ಅಂದರೆ ಮಾಂಸ, ಬೇಡ ಎಂದರೆ ಸಾಲದು, ಆ ಮಾತಿನಲ್ಲಿ ಮೀನು ಸೇರುವುದಿಲ್ಲ. ‘ಸಾಕಾನಾ ಮೊ, ದಾಶಿ ಮೊ, ದಾಮೆ ದೆಸು’ ಎಂದು ಹೇಳಿ. ಮೀನೂ ಆಗದು, ದಾಶಿಯೂ ಆಗದು ಎಂದರ್ಥ. ಊರಿನಿಂದ ಅವಲಕ್ಕಿ, ಚಟ್ನಿಪುಡಿ ಇರಲಿ. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡ, ಪ್ರಮಾಣಪತ್ರ ಇಲ್ಲದೆ ಒಳಗೆ ಬಿಡರು. ಸಣ್ಣ ಅಂಗಡಿಗಳಿಗೆ 1,000 ಯೆನ್‌ನ ನೋಟು ಇಟ್ಟುಕೊಳ್ಳಿ, ಯುಪಿಐ ನಂಬಿ ಹೋಗಬೇಡಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಹೋಟೆಲಿನ ಬದಲು ಮನೆಯನ್ನೇ ಬಾಡಿಗೆಗೆ ಹಿಡಿಯುವುದಾದರೆ ನೋಂದಣಿ ಸಂಖ್ಯೆ ಇದೆಯೇ ನೋಡಿ. 2018ರ ಜೂನ್‌ನಲ್ಲಿ ಜಾರಿಗೆ ಬಂದ ಕಾನೂನಿನಂತೆ ಇಂಥ ಮನೆಯನ್ನು ವರ್ಷಕ್ಕೆ 180 ದಿನ ಮಾತ್ರ ಕೊಡಬಹುದು. ಕಸ ವಿಂಗಡಿಸುವ ಚೀಟಿ ಅಲ್ಲೇ ಗೋಡೆಗೆ ಅಂಟಿಸಿರುತ್ತಾರೆ: ಸುಡುವಂಥದ್ದು, ಸುಡದ್ದು, ಬಾಟಲಿ, ಡಬ್ಬ ಬೇರೆ ಬೇರೆ, ಒಯ್ಯುವ ದಿನವೂ ಬೇರೆ. ರಾತ್ರಿಯೇ ಹೊರಗಿಟ್ಟರೆ ಬೆಳಗಾಗುವಾಗ ಕಾಗೆಗಳು ಚೀಲ ಹರಿದು ಓಣಿಯೆಲ್ಲ ಹರಡುತ್ತವೆ, ನೆರೆಮನೆಯ ಅಜ್ಜಿ ಪೊರಕೆ ಹಿಡಿಯಬೇಕಾಗುತ್ತದೆ. ಕಸ ನೀವೇ ಹೊರಗಿಡಬೇಕೆಂದು ಮನೆಯವರು ಹೇಳಿದ್ದರೆ ಬೆಳಗ್ಗೆ ಎಂಟರೊಳಗೆ ಇಟ್ಟು, ಮೇಲೆ ಬಲೆ ಮುಚ್ಚಿ. ನೀವು ಹೊರಡುವುದು ಆ ಕಸ ಒಯ್ಯುವ ದಿನ ಅಲ್ಲವಾದರೆ ಚೀಲ ಎಲ್ಲಿ ಬಿಡಬೇಕೆಂದು ಮನೆಯವರನ್ನು ಮುನ್ನಾದಿನವೇ ಕೇಳಿಡಿ.