ಪದ್ಯ ಓದುವಾಗ ಎಲ್ಲಿ ನಿಲ್ಲಬೇಕು?

ಚಿಕ್ಕಮಗಳೂರಿನಲ್ಲಿ ಜುಲೈ ಬಂತೆಂದರೆ ಕರೆಂಟು ಹೋಗುವುದಕ್ಕೆ ನೆಪವೇ ಬೇಡ. ಅಂಥದ್ದೇ ಒಂದು ಸಂಜೆ ನಮ್ಮ ಜಗಲಿಯಲ್ಲಿ ಅಕ್ಕಪಕ್ಕದ ಆರೇಳು ಜನ ಸೇರಿ, ತಮಗಿಷ್ಟದ ಪದ್ಯ ಓದಲು ಶುರು ಮಾಡಿದೆವು. ಮೊದಲ ಸರದಿ ನನ್ನದು. ಮೂರು ಪುಟದ ಪದ್ಯವನ್ನು ಒಂದೇ ಉಸಿರಿಗೆ ಓದಿ ತಲೆ ಎತ್ತಿದೆ. "ಮುಗೀತಾ ಮಗಾ? ಯಾರೋ ಸತ್ತರು ಅಂತ ಮಾತ್ರ ಗೊತ್ತಾಯ್ತು" ಎಂದರು ಪಕ್ಕದ ಮನೆಯ ಅಜ್ಜಿ. ಯಾರೂ ಸತ್ತಿರಲಿಲ್ಲ. ಅದು ಮದುವೆಯ ಪದ್ಯ!

ತಪ್ಪು ಪದ್ಯದ್ದಲ್ಲ, ನನ್ನದು. ಎಲ್ಲೂ ನಿಲ್ಲದೆ ಓದಿದ್ದೆ. ನೀವೂ ಮನೆಯಲ್ಲಿ ಇಂಥ ಓದು ಇಟ್ಟುಕೊಳ್ಳುವುದಾದರೆ ಹೀಗೆ ಮಾಡಿ ನೋಡಿ.

ಮೊದಲು ಪದ್ಯದ ಆಯ್ಕೆ. ಓದಲು ಎರಡು ನಿಮಿಷಕ್ಕಿಂತ ಜಾಸ್ತಿ ಹಿಡಿಯುವುದು ಬೇಡ. ತಲೆಗೆ ಒಂದೇ ಪದ್ಯ. ಕವನ ಸಂಕಲನ ಇಲ್ಲದಿದ್ದರೆ ಅಟ್ಟದ ಮೇಲಿರುವ ಹಳೇ ಪಠ್ಯಪುಸ್ತಕ ಸಾಕು. ನಮ್ಮ ಜಿಲ್ಲೆಯವರಂತೂ ಕವಿಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. 'ಜೈಮಿನಿ ಭಾರತ'ದ ಲಕ್ಷ್ಮೀಶ ಕಡೂರು ತಾಲ್ಲೂಕಿನ ದೇವನೂರಿನವನು.

ಆರಿಸಿದ ಪದ್ಯವನ್ನು ಹಾಳೆಗೆ ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಮೊಬೈಲಿನಲ್ಲಿ ಓದಿದರೆ ಒಳ್ಳೆಯ ಸಾಲು ಬರುವ ಹೊತ್ತಿಗೆ ಸರಿಯಾಗಿ ಸ್ಕ್ರೀನು ಆರಿಹೋಗುತ್ತದೆ. ಆಮೇಲೆ ಪೆನ್ಸಿಲ್ ಹಿಡಿದು, ನಿಲ್ಲಬೇಕಾದ ಕಡೆ ಒಂದೊಂದು ಅಡ್ಡಗೆರೆ ಹಾಕಿ. ನಿಜವಾದ ಕೆಲಸ ಇರುವುದು ಇಲ್ಲೇ.

ಹೊಸ ಪದ್ಯವಾದರೆ ಸಾಲು ಮುಗಿದಲ್ಲಿ ಅರೆಗಳಿಗೆ ನಿಲ್ಲಿ. ಉದಾಹರಣೆಗೆ ನಾನೇ ಹೊಸೆದ ಎರಡು ಸಾಲು:

ಅಂಗಳದ ತುದಿಗೆ ಬಂದು ನಿಂತ ಮಳೆ
ಒಳಗೆ ಬರಲಿಲ್ಲ

'ಮಳೆ' ಎಂದು ತುಸು ನಿಂತರೆ ಕೇಳುವವರು ಕಾಯುತ್ತಾರೆ. ಒಟ್ಟಿಗೆ ಓದಿದರೆ ಅದು ಹವಾಮಾನ ವರದಿ, ಅಲ್ವಾ?

ಆರು ಸಾಲಿನ ಹಳೆಯ ಪದ್ಯ, ಅಂದರೆ ಷಟ್ಪದಿಯಲ್ಲಿ ಇದು ಉಲ್ಟಾ. ಜೈಮಿನಿ ಭಾರತ ಇರುವುದು ವಾರ್ಧಕ ಷಟ್ಪದಿಯಲ್ಲಿ. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಕೂರಬೇಕು, ಮಾತ್ರೆಯ, ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಹೊತ್ತಿನ ಲೆಕ್ಕವೂ ತಪ್ಪಬಾರದು. ಹಾಗಾಗಿ ಸಾಲಿನ ಕೊನೆಯಲ್ಲಿ ಪದವೇ ಮುರಿದು ಮುಂದಿನ ಸಾಲಿಗೆ ದಾಟುವುದು ಸಾಮಾನ್ಯ. ಅಲ್ಲಿ ನಿಂತಿರೋ, ಅರ್ಧ ಪದ ಬಾಯಲ್ಲೇ ಉಳಿಯಿತು. ಅದಕ್ಕೇ ಮೊದಲು ಪದ ಬಿಡಿಸಿ ಬರೆದುಕೊಳ್ಳಿ, ಅರ್ಥ ನೋಡಿಕೊಂಡು ಗೆರೆ ಹಾಕಿ. ಓಟ ಸಿಗದಿದ್ದರೆ ತೊಡೆಯ ಮೇಲೆ 'ತಕ ತಕಿಟ' ಎಂದು ಐದೈದಾಗಿ ತಟ್ಟಿ. ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ ಇಂಥ ನಾಲ್ಕು ಗುಂಪು, ಅಂದರೆ 20 ಮಾತ್ರೆ. ಮೂರು ಮತ್ತು ಆರನೇ ಸಾಲಿನಲ್ಲಿ ಆರು ಗುಂಪು, ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 32. ಆ ಗುರುವಿನ ಹತ್ತಿರ ಸಾಮಾನ್ಯವಾಗಿ ಉಸಿರು ತೆಗೆದುಕೊಳ್ಳಲು ಜಾಗ ಇರುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಾದರೆ ತಟ್ಟು ಬೇರೆ: 'ತಕಿಟ ತಕಧಿಮಿ', ಮೂರು ನಾಲ್ಕು, ಮೂರು ನಾಲ್ಕು.

ರಾಗ ಬಂದರೆ ಹಾಡಿ, ಬರದಿದ್ದರೆ ಸುಮ್ನೆ ಮಾತಿನಂತೆ ಓದಿ. ಭಾಷಣದ ದನಿ ಮಾತ್ರ ಬೇಡ. ಕೊನೇ ಸಾಲಿಗೆ ಬಂದಾಗ ಬಹಳ ಜನ ದನಿ ನಡುಗಿಸುತ್ತಾರೆ. ನನಗಂತೂ ಅದು ಹಿಡಿಸುವುದಿಲ್ಲ.

ಪ್ರತಿ ಪದ್ಯವನ್ನೂ ಎರಡು ಸಲ ಓದಿ. ಮೊದಲ ಸಲ ಪೀಠಿಕೆ ಬೇಡ, ಕವಿಯ ಹೆಸರು ಹೇಳಿದರೆ ಸಾಕು. ಮುಗಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಕಷ್ಟ ಅನಿಸುತ್ತದೆ, ಆದರೂ ಇರಿ. ಎರಡನೇ ಓದಿನ ನಂತರ "ಅರ್ಥ ಆಯ್ತಾ?" ಎಂದು ಯಾರನ್ನೂ ಕೇಳಬೇಡಿ. ಪರೀಕ್ಷೆಗೆ ಕೂತ ಹಾಗಾಗುತ್ತದೆ. "ಯಾವ ಸಾಲು ನೆನಪಲ್ಲಿ ಉಳಿಯಿತು?" ಎಂದು ಕೇಳಿ, ಅಲ್ಲಿಂದ ಮಾತು ತಾನಾಗೇ ಹೊರಡುತ್ತದೆ. ಹಳಗನ್ನಡ, ನಡುಗನ್ನಡದ ಪದ್ಯಕ್ಕೆ ಗಮಕಿಗಳ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದುವವರ ಪದ್ಧತಿಯೇ ಸರಿ. ಒಬ್ಬರು ವಾಚನ ಮಾಡಿ ನಿಲ್ಲಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಓದುವ ಬಾಯಿ ಬೇರೆ, ವಿವರಿಸುವ ಬಾಯಿ ಬೇರೆ.

ನಾಲ್ಕನೇ ವಾರ ಅದೇ ಮದುವೆ ಪದ್ಯದ ಎಂಟು ಸಾಲು ಮಾತ್ರ ಆರಿಸಿ, ಗೆರೆ ಹಾಕಿಕೊಂಡು ಮತ್ತೆ ಓದಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಬಳೆ ಸದ್ದಿನ ಸಾಲು ಇನ್ನೊಂದ್ಸಲ ಓದು" ಎಂದರು.

ಎರಡು ಸಣ್ಣ ವಿಷಯ. ತಗಡಿನ ಮಾಡಿನ ಕೆಳಗೆ ಕೂರಬೇಡಿ, ಮಳೆ ಜೋರಾದರೆ ಯಾವ ಕವಿಯೂ ಕೇಳಿಸುವುದಿಲ್ಲ. ಕಾಫಿ, ಕೋಡುಬಳೆ ಎಲ್ಲ ಕೊನೆಗಿರಲಿ. ಮಧ್ಯದಲ್ಲಿ ತಂದಿಟ್ಟರೆ ಒಳ್ಳೆಯ ಸಾಲಿನ ಹೊತ್ತಿಗೇ ಯಾರಾದರೂ ಕೋಡುಬಳೆ ಮುರಿಯುತ್ತಾರೆ.