ಎದೆಹಾಲು ಕುಡಿಸದೆ ಎದೆ ಬಿಗಿತ ಇಳಿಸಿಕೊಂಡದ್ದು: ನನ್ನ ಅನುಭವ

ನಮ್ಮ ಕಲಬುರಗಿ ಕಡೆ ಬಾಣಂತನದಲ್ಲಿ ಮಾಡುವುದೆಲ್ಲ ಹಾಲು ಜಾಸ್ತಿ ಬರಲಿ ಅಂತಲೇ. ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ, ಮೈತುಂಬ ಬಿಸಿನೀರು. ಹಾಲು ಬೇಡ ಅನ್ನುವ ಬಾಣಂತಿ ಏನು ಮಾಡಬೇಕು ಅಂತ ಕೇಳಿದರೆ ಮನೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದರೆ ಕೀಲುಗಳು ಬಾತು ನೋಯುವ ಕಾಯಿಲೆ. ಅದಕ್ಕೆ ತೆಗೆದುಕೊಳ್ಳುತ್ತಿದ್ದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಬಸಿರಿಗೆ ಮುಂಚೆ ನಿಲ್ಲಿಸಿದ್ದೆ. ಹೆರಿಗೆ ಆದ ಮೇಲೆ ಈ ಕಾಯಿಲೆ ಎಷ್ಟೋ ಜನರಿಗೆ ಮತ್ತೆ ಕೆರಳುತ್ತದೆ, ಬೇರೆ ಮಾತ್ರೆಗಳು ನನಗೆ ಹಿಡಿದಿರಲಿಲ್ಲ. ಮೆಥೊಟ್ರೆಕ್ಸೇಟ್ ಶುರು ಮಾಡಿದರೆ ಎದೆಹಾಲು ಕುಡಿಸುವ ಹಾಗಿಲ್ಲ. ಅದಕ್ಕೇ ಹೆರಿಗೆಗೆ ಮುಂಚೆಯೇ ಡಾಕ್ಟರ ಜೊತೆ ಮಾತಾಡಿ ಡಬ್ಬಿ ಹಾಲು ಅಂತ ತೀರ್ಮಾನಿಸಿದೆವು. ಅತ್ತೆಯವರನ್ನು ಒಪ್ಪಿಸಿದ್ದು ಬೇರೆಯದೇ ಕಥೆ, ಬಿಡಿ.

ತೀರ್ಮಾನ ನಮ್ಮದು, ಮೈಗೆ ಅದು ಗೊತ್ತಾಗಬೇಕಲ್ಲ! ಮಾಸು ಬಿದ್ದ ಮೇಲೆ ಪ್ರೊಜೆಸ್ಟೆರಾನ್ ಅನ್ನುವ ಹಾರ್ಮೋನು ಇಳಿಯುತ್ತದೆ, ಹಾಲು ಕಟ್ಟಲು ಶುರುವಾಗುತ್ತದೆ. ಸಾಮಾನ್ಯವಾಗಿ 2ರಿಂದ 5ನೇ ದಿನದೊಳಗೆ ಎದೆ ತುಂಬುತ್ತದೆ. ತವರಿಗೆ ಬಂದ ರಾತ್ರಿ ನನಗೆ ಎರಡೂ ಕಡೆ ಕಲ್ಲಿನ ಹಾಗೆ ಬಿಗಿದುಕೊಂಡಿತು. ಕಂಕುಳವರೆಗೂ ಬಾವು. ಸೆರಗು ತಾಗಿದರೂ ನೋವು, ಮಗ್ಗುಲು ಬದಲಿಸಲೂ ಆಗಲಿಲ್ಲ.

ಹಾಲು ನಿಲ್ಲಿಸುವ ಮಾತ್ರೆ ಇದೆ, ಕ್ಯಾಬರ್ಗೊಲಿನ್. ನನಗೆ ಬಿಪಿ ಜಾಸ್ತಿ ಇದ್ದದ್ದರಿಂದ ಡಾಕ್ಟರು ಕೊಡಲಿಲ್ಲ. ಮುಂಚೆ ಇದಕ್ಕೆ ಬ್ರೋಮೊಕ್ರಿಪ್ಟಿನ್ ಕೊಡುತ್ತಿದ್ದರು. ಬಾಣಂತಿಯರಿಗೆ ಪಾರ್ಶ್ವವಾಯು, ಹೃದಯಾಘಾತ ಆದ ವರದಿಗಳು ಬಂದ ಮೇಲೆ 1990ರ ದಶಕದಲ್ಲಿ ಅಮೆರಿಕದಲ್ಲಿ ಹಾಲು ನಿಲ್ಲಿಸಲು ಅದನ್ನು ಕೊಡುವುದನ್ನು ಬಿಟ್ಟರು. ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ ಕೇಳಿ ತರುವ ಮಾತ್ರೆ ಇದಲ್ಲ.

ಅವ್ವ ಬಿಸಿನೀರು ಕಾಯಿಸಿ ತಂದಳು. "ಹಿಂಡಿ ಪೂರಾ ತೆಗೀಬೇಕವ್ವ, ಇಲ್ಲಾಂದ್ರ ಕೀವು ಆಗ್ತದ" ಅಂದಳು. ಇಲ್ಲೇ ನಮ್ಮಿಬ್ಬರಿಗೂ ಜಟಾಪಟಿ. ಹಾಲು ಎದೆಯಲ್ಲೇ ಉಳಿದರೆ ಇನ್ನು ಸಾಕು ಅಂತ ಮೈಗೆ ತಿಳಿಯುತ್ತದೆ, ಹೊಸ ಹಾಲು ಕಡಿಮೆ ಆಗುತ್ತಾ ಬರುತ್ತದೆ. ಪೂರ್ತಿ ಹಿಂಡಿದರೆ ಮತ್ತೆ ಅಷ್ಟೇ ತುಂಬುತ್ತದೆ. ಹಾಗಂತ ಒಂದು ಹನಿಯೂ ತೆಗೆಯಬಾರದು ಅಂತಲ್ಲ. ತಡೆಯಲಾರದಷ್ಟು ಬಿಗಿದಾಗ ಕೈಯಿಂದ ಮೆಲ್ಲಗೆ ಒತ್ತಿ ಸ್ವಲ್ಪ ತೆಗೆಯುತ್ತಿದ್ದೆ. ಬಿಗಿತ ಸಡಿಲವಾದ ಕೂಡಲೇ ಕೈ ತೆಗೆಯುತ್ತಿದ್ದೆ, ಖಾಲಿ ಆಗುವ ತನಕ ಅಲ್ಲ. ಸ್ನಾನದ ವಿಷಯದಲ್ಲಿ ರಾಜಿ ಆಯಿತು. ಬೆನ್ನು, ಸೊಂಟಕ್ಕೆ ಅವ್ವ ಎಷ್ಟು ಬೇಕಾದರೂ ಬಿಸಿನೀರು ಹಾಕಲಿ, ಎದೆಗೆ ಬೇಡ. ಬಿಸಿ ತಾಗಿದರೆ ಹಾಲು ಇನ್ನೂ ಹರಿಯುತ್ತದೆ.

ನನಗೆ ನಿಜವಾಗಿ ಹಿತ ಕೊಟ್ಟದ್ದು ತಂಪು. ಬಾಣಂತಿಗೆ ಥಂಡಿ ಹತ್ತುತ್ತದೆ ಅಂತ ಆಯಿ ಗೊಣಗಿದರು. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು, ಯಾವ ಥಂಡಿ! ಐಸನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡುತ್ತಿದ್ದೆ, ದಿನಕ್ಕೆ ಹಲವು ಸಲ. ಬರಿ ಐಸ್ ಚರ್ಮಕ್ಕೆ ಇಡಬಾರದು. ಕರೆಂಟ್ ಹೋಗಿ ಐಸ್ ಕರಗಿದಾಗ ಮಡಕೆ ನೀರಲ್ಲಿ ಅದ್ದಿದ ಬಟ್ಟೆ. ತಮ್ಮ ಕಣ್ಣಿ ಮಾರ್ಕೆಟ್‌ನಿಂದ ಕೋಸುಗಡ್ಡೆ ತಂದುಕೊಟ್ಟ. ಎಲೆ ತೊಳೆದು, ದಪ್ಪ ದಂಟು ತೆಗೆದು, ಫ್ರಿಜ್‌ನಲ್ಲಿ ತಣ್ಣಗೆ ಮಾಡಿ ಬ್ರಾ ಒಳಗೆ ಇಟ್ಟುಕೊಂಡೆ. ಬಾಡಿದರೆ ಹೊಸದು. ಎಲೆಯಲ್ಲೇ ಔಷಧಿ ಇದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಎದೆಯ ಆಕಾರಕ್ಕೆ ಸರಿಯಾಗಿ ಕೂರುತ್ತದೆ, ತಣ್ಣಗಿರುತ್ತದೆ, ನನಗೆ ಅಷ್ಟೇ ಸಾಕಿತ್ತು.

ಪಕ್ಕದ ಮನೆಯ ಅಜ್ಜಿ ದುಂಡುಮಲ್ಲಿಗೆ ಕಟ್ಟಿಕೋ ಅಂದರು. ಸುಮ್ನೆ ಹೇಳಿದ್ದಲ್ಲ. ಮಲ್ಲಿಗೆಯನ್ನೂ ಬ್ರೋಮೊಕ್ರಿಪ್ಟಿನ್ನನ್ನೂ ಹೋಲಿಸಿದ ಅಧ್ಯಯನ 1988ರಲ್ಲೇ ಪ್ರಕಟವಾಗಿದೆ. ಹೂವಿನಿಂದಲೂ ಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಇಳಿದಿತ್ತು, ಮಾತ್ರೆಯಷ್ಟಲ್ಲ. ನಾನು ಕಟ್ಟಿಕೊಳ್ಳಲಿಲ್ಲ, ಆ ವಾಸನೆಗೆ ನನಗೆ ತಲೆನೋವು.

ಹಳೆ ಧೋತರದಿಂದ ಬಿಗಿಯಾಗಿ ಕಟ್ಟು ಅನ್ನುವ ಸಲಹೆಯೂ ಬಂತು. ಅದು ಬೇಡವೇ ಬೇಡ. ಬಿಗಿದು ಕಟ್ಟಿದರೆ ನೋವು ಹೆಚ್ಚುತ್ತದೆ, ಹಾಲಿನ ನಾಳ ಕಟ್ಟಿಕೊಳ್ಳಬಹುದು. ತಂತಿ ಇಲ್ಲದ, ಒಂದು ಸೈಜ್ ದೊಡ್ಡ ಹತ್ತಿ ಬ್ರಾ ರಾತ್ರಿಯೂ ಹಾಕಿಕೊಳ್ಳುತ್ತಿದ್ದೆ. ಹಾಲು ಸೋರಿದರೆ ಒಳಗೆ ಮೆತ್ತನೆ ಬಟ್ಟೆ. ನೋವಿಗೆ ಡಾಕ್ಟರು ಹೇಳಿದ ಪ್ಯಾರಸಿಟಮಾಲ್. ನೀರು ಕಡಿಮೆ ಕುಡಿದರೆ ಹಾಲು ಬತ್ತುತ್ತದೆ ಅನ್ನುವುದು ಸುಳ್ಳು, ಬಾಯಾರಿದಾಗ ಕುಡಿಯಲೇಬೇಕು.

ವಾರ ಕಳೆಯುವುದರೊಳಗೆ ಗಟ್ಟಿತನ ಇಳಿಯಿತು. ಮಗು ಅತ್ತಾಗ ಹನಿ ಸೋರುವುದು ಮಾತ್ರ ಎಷ್ಟೋ ದಿನ ಇತ್ತು, ಅದಕ್ಕೆ ಗಾಬರಿ ಬೇಡ. ಒಂದು ಕಡೆ ಮಾತ್ರ ಕೆಂಪಾಗಿ ಬಿಸಿಯಾದರೆ, ಚಳಿ ಬಂದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ ಮನೆಮದ್ದು ಬಿಟ್ಟು ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ವಿಷಯ ಯಾರೂ ತಾವಾಗಿ ಹೇಳುವುದಿಲ್ಲ. ಹಾಲು ಕುಡಿಸದಿದ್ದರೆ ಮುಟ್ಟು ಬೇಗ ಮರಳುತ್ತದೆ, ಮುಟ್ಟು ಕಾಣುವುದಕ್ಕೆ ಮುಂಚೆಯೇ ಮತ್ತೆ ಬಸಿರು ನಿಲ್ಲಬಹುದು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವಾಗ ಬಸಿರಾದರೆ ಮಗುವಿಗೆ ಅಪಾಯ. ಹಾಗಾಗಿ ಮಾತ್ರೆ ಮತ್ತೆ ಶುರು ಮಾಡುವುದಕ್ಕೆ ಮುಂಚೆಯೇ ಡಾಕ್ಟರನ್ನು ಕೇಳಿ, ಬಸಿರು ನಿಲ್ಲದ ಹಾಗೆ ಗರ್ಭಕೋಶದೊಳಗೆ ಇಡುವ ವಂಕಿ ಹಾಕಿಸಿಕೊಂಡೆ.